ರೈಟರ್ ಬರೆದುಕೊಂಡ ಹೆಸರು

ರಂಗಮ್ಮನ ಮುಖ ಕಾಫಿ ಪುಡಿಯ ಪ್ಯಾಕೆಟ್ಟಿನ ಮೇಲೆ ಬಂದಿದ್ದು ಅವಳನ್ನು ಕೇಳಿಕೊಂಡೇನಲ್ಲ. ಸೊಸೆ ವೀಣಾ ಒಂದು ಬೆಳಗ್ಗೆ ಅತ್ತೆಯನ್ನು ಹುರಿಯುವ ಒಲೆಯ ಪಕ್ಕ ನಿಲ್ಲಿಸಿ, ಸೆರಗು ಸರಿಮಾಡಿ, ಮೊಬೈಲಿನಲ್ಲಿ ಫೋಟೊ ಹೊಡೆದಳು. ತಿಂಗಳೊಪ್ಪತ್ತಿನಲ್ಲಿ ಆ ಮುಖ ಸುಂಟಿಕೊಪ್ಪದ ಅಂಗಡಿ ಅಂಗಡಿಯಲ್ಲೂ ಸಾಲಾಗಿ ನೇತಾಡತೊಡಗಿತು. ಕೆಳಗೆ ‘ರಂಗಮ್ಮ ಕಾಫಿ’ ಎಂಬ ಅಕ್ಷರ, ಅದರ ಕೆಳಗೆ ಮನೆಯ ವಿಳಾಸ. ರಂಗಮ್ಮನಿಗೆ ನಾಚಿಕೆಯಾಯಿತು. ಖುಷಿಯೂ ಆಯಿತು, ಸುಳ್ಳೇಕೆ? ಬಸ್ಸಿನ ಕಂಡಕ್ಟರ್ ಗುರುತು ಹಿಡಿದು ಕಿಟಕಿ ಸೀಟು ಕೊಡಿಸಿದ ದಿನ, ಮನೆಗೆ ಬಂದು ಆ ಸುದ್ದಿಯನ್ನು ನಾಲ್ಕು ಸಲ ಹೇಳಿದಳು. ಮಗ ಸುದೀಪ್ ಪಿಕಪ್ಪಿನಲ್ಲಿ ಪ್ಯಾಕೆಟ್ಟುಗಳನ್ನು ಅಂಗಡಿಗಳಿಗೆ ಹಾಕಿ ಬರುತ್ತಿದ್ದ. ಲೆಕ್ಕಪತ್ರ, ಲೈಸೆನ್ಸು, ಟ್ರೇಡ್‌ಮಾರ್ಕು ಎಲ್ಲ ವೀಣಾಳದು. ಹೆಸರನ್ನೂ ಚಿತ್ರವನ್ನೂ ಅವಳು ಸರ್ಕಾರದಲ್ಲಿ ನೋಂದಣಿ ಮಾಡಿಸಿದಾಗ ರಂಗಮ್ಮ, “ನನ್ ಮೋರೆ ನಂದೇ ಅಂತ ಹೇಳಕ್ಕೂ ಸರ್ಕಾರದ್ ಕಾಗದ ಬೇಕೇನವ್ವ?” ಎಂದು ನಕ್ಕಿದ್ದಳು.

ಆ ಕಾಗದ ಬೇಕಾಗುವ ದಿನ ಬೇಗನೇ ಬಂತು.

ಮೊದಲು ಚೆಟ್ಟಳ್ಳಿಯಿಂದ ಒಬ್ಬಳು ಫೋನ್ ಮಾಡಿ ಬೈದಳು. ನಿಮ್ಮ ಪುಡಿಯ ಕಾಫಿ ಕುಡಿದು ಮನೆಮಂದಿಗೆಲ್ಲ ವಾಂತಿಯಾಯಿತು, ಆ ಮುಖ ಹೊತ್ತುಕೊಂಡು ಇಂಥ ಕೆಲಸ ಮಾಡುತ್ತೀರಲ್ಲ ಎಂದಳು. ಆಮೇಲೆ ಸಿದ್ದಾಪುರದ ಒಂದು ಅಂಗಡಿಯಿಂದ ವೀಣಾ ಎರಡು ಪ್ಯಾಕೆಟ್ ಕೊಂಡು ತಂದಳು. ಅದೇ ಬಣ್ಣ, ಅದೇ ಮುಖ, ಅದೇ ವಿಳಾಸ. ಒಳಗಿದ್ದದ್ದು ಮಾತ್ರ ಸುಟ್ಟ ಹುಣಸೆಬೀಜ, ಕಾಫಿ ಹೊಟ್ಟು ಮತ್ತು ಕೈಗೆ ಅಂಟಿಕೊಳ್ಳುವ ಯಾವುದೋ ಬಣ್ಣ. ರಂಗಮ್ಮ ಆ ಪುಡಿಯನ್ನು ಮೂಸಿ ಅಂಗಳಕ್ಕೆ ಎಸೆದಳು. ಅಂದಿನಿಂದ ಸಂತೆಗೆ ಹೋಗುವಾಗ ಸೆರಗನ್ನು ಹಣೆಯವರೆಗೂ ಎಳೆದುಕೊಳ್ಳತೊಡಗಿದಳು. ಯಾರಾದರೂ ಎರಡು ಗಳಿಗೆ ಹೆಚ್ಚು ದಿಟ್ಟಿಸಿದರೆ ಮುಖ ತಿರುಗಿಸಿ ಬೇಗ ಬೇಗ ನಡೆಯುತ್ತಿದ್ದಳು.

ಇದೆಲ್ಲ ಎಲ್ಲಿ ತಯಾರಾಗುತ್ತಿದೆ ಎಂದು ತಿಳಿಸಿದವನು ಸಿದ್ದ. ರಂಗಮ್ಮ ಎಸ್ಟೇಟ್ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಅವಳ ಪಕ್ಕದ ಸಾಲಿನಲ್ಲೇ ಕಾಫಿ ಹಣ್ಣು ಕೊಯ್ಯುತ್ತಿದ್ದವನು, ತನಗಿಂತ ಮೊದಲು ಅವಳ ಚೀಲ ಎತ್ತಿ ತಲೆಗಿಡುತ್ತಿದ್ದವನು. ಈಗ ಪಾಲಿಬೆಟ್ಟದ ಹತ್ತಿರದ ಬೆಳ್ಳಿಕಲ್ಲು ಎಸ್ಟೇಟಿನಲ್ಲಿ ಇದ್ದ. ಅಲ್ಲಿನ ಕೆಲಸಗಾರರ ಮನೆಗಳ ಸಾಲನ್ನು ಎಲ್ಲರೂ ಲೈನು ಎನ್ನುತ್ತಾರೆ, ಮೇಲಿನ ಲೈನಿನಲ್ಲಿ ಅವನ ಬಿಡಾರ. ಒಂದು ಭಾನುವಾರ ಸಂತೆಯಲ್ಲಿ ಅವಳ ಸೆರಗನ್ನು ನೋಡಿಯೂ ಗುರುತು ಹಿಡಿದು, ಒಣಮೀನಿನ ಅಂಗಡಿಯ ಹಿಂದಕ್ಕೆ ಕರೆದ.

“ರಂಗಕ್ಕ, ಅಲ್ಲಿ ಬೀಗ ಹಾಕಿದ್ ಲೈನ್ ಮನೇಲಿ ನಿನ್ ಮೋರೇನ ಚೀಲಕ್ ತುಂಬ್ತಾವ್ರೆ,” ಎಂದ. ಅವನಿಗೆ ಓದು ಬಾರದು. ಆದರೆ ಅಕ್ಕನ ಮುಖ ಗೊತ್ತಿಲ್ಲವೇ? “ಮೊದ್ಲು ನಿಂದೇ ಕೆಲ್ಸ ಅನ್ಕೊಂಡೆ. ನಮ್ಮಕ್ಕ ಇಲ್ಲಿಗಂಟ ಬೆಳದ್ಬಿಟ್ಲಲ್ಲ ಅಂತ ಖುಷಿಯಾಗೋಯ್ತು. ಆಮೇಲ್ ನೋಡುದ್ರೆ ಹೊಟ್ ಬೆರಸ್ತಾವ್ರೆ. ನೀನ್ ಅಂಗ್ ಮಾಡಕಿಲ್ಲ.”

“ಯಾರ್ಲಾ ಮಾಡ್ಸ್ತಿರದು?”

ಸಿದ್ದ ಅತ್ತಿತ್ತ ನೋಡಿದ. “ಅದ್ ಕೇಳ್ಬ್ಯಾಡಕ್ಕ. ನಾನೇಳ್ದೆ ಅಂತ ಗೊತ್ತಾದ್ರೆ ನನ್ನ ಉಳ್ಸಕಿಲ್ಲ. ಹೋದೊರ್ಸ ಒಬ್ಬ ಬಾಯ್ಬಿಟ್ಟಿದ್ದ. ಅವ್ನು ಕೆರೇಲ್ ಸಿಕ್ದ. ಕುಡ್ದು ಬಿದ್ದ ಅಂದ್ರು. ಅವ್ನು ಕುಡೀತಾನೇ ಇರ್ಲಿಲ್ಲ.”

ರಂಗಮ್ಮ ಅಲ್ಲೇ, ಒಣಮೀನಿನ ವಾಸನೆಯ ನಡುವೆ, ಅವನ ಕೈಮೇಲೆ ಕೈಯಿಟ್ಟು ಆಣೆ ಮಾಡಿದಳು. ನಿನ್ನ ಹೆಸರು ನನ್ನ ಬಾಯಿಂದ ಬರುವುದಿಲ್ಲ ಎಂದಳು. ಮನೆಗೆ ಬಂದು ಜಾಗದ ಸುದ್ದಿ ಹೇಳಿದಳೇ ಹೊರತು, ಹೇಳಿದ್ದು ಯಾರೆಂದು ಸೊಸೆಗೂ ಬಿಟ್ಟುಕೊಡಲಿಲ್ಲ.

ವೀಣಾ ಮಡಿಕೇರಿಗೆ ಹೋಗಿ ದೂರು ಕೊಟ್ಟಳು. ಇಂಥ ನಕಲಿ ಮಾಲಿನ ಕೇಸುಗಳನ್ನು ನೋಡಿಕೊಳ್ಳುತ್ತಿದ್ದವಳು ರಶ್ಮಿತಾ ಎಂಬ ಸಬ್‌ಇನ್‌ಸ್ಪೆಕ್ಟರ್. ಒಳ್ಳೆಯ ಹೆಂಗಸು, ಮಾತು ನೇರ. “ಇಡೀ ಜಿಲ್ಲೆಗೆ ಈ ಕೆಲಸಕ್ಕೇಂತ ಇರೋದು ನಾನು, ಒಬ್ರು ರೈಟರ್, ಅರ್ಧ ಜೀಪು ಅಷ್ಟೇ ನೋಡಿ,” ಎಂದಳಂತೆ. ಉಳಿದರ್ಧ ಜೀಪು ಬಂದೋಬಸ್ತಿಗೆ. ಟ್ರೇಡ್‌ಮಾರ್ಕ್ ಕೇಸಿನಲ್ಲಿ ಡಿವೈಎಸ್‌ಪಿಗಿಂತ ಕೆಳಗಿನವರು ಒಳನುಗ್ಗಿ ಮಾಲು ಹಿಡಿಯುವಂತಿಲ್ಲ. ಹಿಡಿಯುವ ಮೊದಲು ಚೆನ್ನೈನ ಟ್ರೇಡ್‌ಮಾರ್ಕ್ ಕಚೇರಿಯಿಂದ ಅಭಿಪ್ರಾಯ ತರಿಸಬೇಕು. ಹನ್ನೊಂದು ದಿನ ಕಾದ ಮೇಲೆ ಅಭಿಪ್ರಾಯ ಬಂತು. ಈಗ ಉಳಿದದ್ದು ಒಂದೇ: ಎಸ್ಟೇಟಿನ ನೂರೆಂಟು ಮನೆಗಳಲ್ಲಿ ಯಾವುದು ಎಂದು ಖಚಿತವಾಗಿ ಹೇಳಬಲ್ಲವನ ಹೆಸರು. ತಪ್ಪು ಬಾಗಿಲು ಒಡೆದರೆ ಸರಿಯಾದ ಬಾಗಿಲಿನ ಮಾಲು ಗಂಟೆಯೊಳಗೆ ಮಾಯ.

“ಗುಟ್ಟಾಗೇ ಇಡ್ತಾರೆ ಅತ್ತೆ. ಕಾಗದದಲ್ಲೂ ಹೆಸರು ಹಾಕಲ್ವಂತೆ,” ಎಂದು ವೀಣಾ ಎರಡು ದಿನ ಬೆನ್ನುಬಿದ್ದಳು. ರಂಗಮ್ಮ ಕೊನೆಗೆ ಒಪ್ಪಿದಳು, ಆದರೆ ಒಂದು ಷರತ್ತಿನ ಮೇಲೆ. ಹೇಳುವುದು ಒಂದೇ ಸಲ, ಅದೂ ಹೇಳಬೇಕಾದವರಿಗೆ ಮಾತ್ರ. ನಿನಗೂ ಬೇಡ, ನನ್ನ ಮಗನಿಗೂ ಬೇಡ.

ಮಂಗಳವಾರ ಬೆಳಗ್ಗೆ ವೀಣಾ ಕಾಗದಗಳ ಫೈಲು ಹಿಡಿದು ಮಡಿಕೇರಿ ಬಸ್ಸಿಗೆ ಹೊರಟಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ತಿರುಗಿ ಹೇಳಿದಳು: “ಅತ್ತೆ, ರೈಟರ್ ವಿಚಾರಿಸ್ತಾರೆ ಇವತ್ತು. ಅವರಿಗೆ ಎಲ್ಲಾ ಹೇಳಿಬಿಡಿ. ಹೆಸರು, ಯಾವ ಲೈನು, ಎಷ್ಟನೇ ಮನೆ. ಬೇರೆ ಯಾರು ಕೇಳಿದ್ರೂ ಬಾಯಿ ಬಿಡಬೇಡಿ.”

“ಆಗ್ಲಿ ಕಣವ್ವ,” ಎಂದಳು ರಂಗಮ್ಮ.

ಇಲ್ಲಿ ರಂಗಮ್ಮನನ್ನು ಬೈಯುವ ಮೊದಲು ಒಂದು ಮಾತು ಕೇಳಬೇಕು. ಮೂವತ್ತು ವರ್ಷ ಎಸ್ಟೇಟಿನಲ್ಲಿ ದುಡಿದವಳಿಗೆ ರೈಟರ್ ಎಂದರೆ ಯಾರು? ಬೆಳಗ್ಗೆ ಮಂಜಿನಲ್ಲಿ ಚೆಕ್‌ರೋಲ್ ಪುಸ್ತಕ ಹಿಡಿದು ನಿಂತು ಆಳುಗಳ ಹೆಸರು ಕೂಗುವವನು. ಹಾವು ಕಚ್ಚಿದರೆ ಹೇಳಬೇಕಾದ್ದು ರೈಟರಿಗೆ. ಗಂಡ ಹೊಡೆದರೆ ರೈಟರಿಗೆ. ಕೋಳಿ ಕಳುವಾದರೆ ರೈಟರಿಗೆ. ಅವನ ಪುಸ್ತಕದಲ್ಲಿ ಹೆಸರು ಬಿತ್ತೆಂದರೆ ಅಂದಿನ ಕೂಲಿ ಗಟ್ಟಿ, ಆಸ್ಪತ್ರೆ ಚೀಟಿ ಗಟ್ಟಿ. ಸರ್ಕಾರ, ಕೋರ್ಟು, ದೇವರು ಎಲ್ಲ ಆಮೇಲೆ. ಪೊಲೀಸ್ ಠಾಣೆಯಲ್ಲೂ ದೂರು ಬರೆಯುವ ಪೇದೆಯೊಬ್ಬನಿರುತ್ತಾನೆ, ಅವನನ್ನೂ ರೈಟರ್ ಎಂದೇ ಕರೆಯುತ್ತಾರೆ ಎಂಬುದು, ಜನ್ಮದಲ್ಲಿ ಠಾಣೆಯ ಮೆಟ್ಟಿಲು ಹತ್ತದ ರಂಗಮ್ಮನಿಗೆ ಎಲ್ಲಿಂದ ತಿಳಿಯಬೇಕು? ವೀಣಾಳಿಗೆ ಅದು ಹೊಳೆಯಬೇಕಿತ್ತು. ಬಸ್ಸಿನ ಅವಸರದಲ್ಲಿ ಹೊಳೆಯಲಿಲ್ಲ.

ಹತ್ತೂವರೆಗೆ ಅಂಗಳದಲ್ಲಿ ಒಂದು ಜೀಪು ನಿಂತಿತು. ಹಿಂದೆ ಟಾರ್ಪಾಲು ಹೊದೆಸಿದ, ಚಕ್ರಕ್ಕೆಲ್ಲ ಕೆಂಪು ಧೂಳು ಮೆತ್ತಿದ ಜೀಪು. ನಲವತ್ತರ ಗಂಡಸೊಬ್ಬ ಇಳಿದ. ಕ್ರಾಪು ನೀಟಾಗಿತ್ತು, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಉದ್ದನೆಯ ಪುಸ್ತಕ.

“ನಮಸ್ಕಾರ ಅಮ್ಮ. ನಾನು ಚೇತನ್‌ಕುಮಾರ್, ರೈಟರ್. ಬೆಳ್ಳಿಕಲ್ಲು ಎಸ್ಟೇಟು. ನಿಮ್ಮ ಪ್ಯಾಕೆಟ್ ವಿಷಯ ಸ್ವಲ್ಪ ಮಾತಾಡಬೇಕಿತ್ತು.”

ರಂಗಮ್ಮನಿಗೆ ಸಮಾಧಾನವೇ ಆಯಿತು. ಪೊಲೀಸು ಎಂದಾಗಿನಿಂದ ಲಾಠಿ, ಬೂಟು ಎಂದು ಏನೇನೋ ಅಂದುಕೊಂಡಿದ್ದಳು. ಎಸ್ಟೇಟಿನೊಳಗಿನ ವಿಷಯವನ್ನು ಆ ಎಸ್ಟೇಟಿನ ರೈಟರಿಗೇ ವಹಿಸಿದ್ದಾರೆ, ಅದೇ ಸರಿಯಾದ ಕ್ರಮ ಎನ್ನಿಸಿತು. ಕುರ್ಚಿ ಒರೆಸಿ ಹಾಕಿದಳು. “ಮನೆ ಸಲೀಸಾಗ್ ಸಿಕ್ತಾ?”

“ಪ್ಯಾಕೆಟ್ ಮೇಲೆ ಅಡ್ರೆಸ್ ಇದೆಯಲ್ಲಮ್ಮ,” ಎಂದು ನಕ್ಕ. “ಸಿದ್ದಾಪುರದ ಅಂಗಡಿಯವರೂ ಹೇಳಿದ್ರು, ನಿಮ್ಮ ಸೊಸೆ ಮೊನ್ನೆ ಬಂದು ಇದು ಬೆಳ್ಳಿಕಲ್ಲು ಎಸ್ಟೇಟಿನ ಮಾಲಾ ಅಂತ ವಿಚಾರಿಸಿ ಹೋದ್ರೂಂತ.”

ರಂಗಮ್ಮ ಹೊಸದಾಗಿ ಹುರಿದ ಪುಡಿಯಲ್ಲಿ ಕಾಫಿ ಮಾಡಿಕೊಟ್ಟಳು. ಅವನು ಒಂದು ಗುಟುಕು ಕುಡಿದು ಲೋಟವನ್ನೇ ನೋಡಿದ. “ಒರಿಜಿನಲ್ ಅಂದ್ರೆ ಒರಿಜಿನಲ್ಲೇ,” ಎಂದ. ಆಮೇಲೆ ಪುಸ್ತಕ ತೆರೆದ. “ನಮ್ಮ ಎಸ್ಟೇಟಲ್ಲಿ ಏನೋ ನಡೀತಿದೇಂತ ನಿಮಗೆ ಯಾರು ಹೇಳಿದ್ದು?”

ರಂಗಮ್ಮ ಬಾಗಿಲಾಚೆ ಒಮ್ಮೆ ನೋಡಿದಳು. “ನಿಮ್ಗೇ ಯೋಳ್ಬೇಕು ಅಂತ ಯೋಳವ್ರೆ. ಆದ್ರೆ ಅವ್ನು ಬಡವ ಕಣಪ್ಪ. ಹೆಸ್ರು ಆಚೆಗ್ ಬಂದ್ರೆ ಅವ್ನ್ ಜೀವುಕ್ಕೇ ಕುತ್ತು.”

“ಹೆಸರು ನನ್ನಿಂದ ಆಚೆ ಹೋಗಲ್ಲಮ್ಮ,” ಎಂದ ಚೇತನ್‌ಕುಮಾರ್.

ಹೇಳಿದಳು. ಸಿದ್ದ, ಮೇಲಿನ ಲೈನು, ಕೊನೆಯಿಂದ ಎರಡನೇ ಮನೆ. ಅವನು ಬರೆದುಕೊಂಡ. ಬರೆದದ್ದನ್ನು ಓದಿ ಹೇಳಿ, ಸರಿಯೇ ಎಂದು ಇನ್ನೊಮ್ಮೆ ಕೇಳಿದ. ಸರಿ ಎಂದಳು. ಇವತ್ತು ಯಾವ ಬ್ಲಾಕಿನಲ್ಲಿ ಕೊಯ್ಲು, ಸಿದ್ದ ಎಲ್ಲಿ ಸಿಗುತ್ತಾನೆ ಎಂಬುದನ್ನು ಅವನು ಕೇಳಲೇ ಇಲ್ಲ. ಅದು ಅವನ ಪುಸ್ತಕದಲ್ಲೇ ಇತ್ತು. ಎಷ್ಟು ಪ್ಯಾಕೆಟ್, ಎಷ್ಟು ನಷ್ಟ, ಯಾರಿಗೆ ವಾಂತಿಯಾಯಿತು ಎಂದೂ ಕೇಳಲಿಲ್ಲ. ಕಾಫಿಯನ್ನು ಪೂರ್ತಿ ಕುಡಿದು, ಲೋಟವನ್ನು ತಾನೇ ತೊಳೆಯುವ ಕಟ್ಟೆಯ ಮೇಲಿಟ್ಟು, “ಬರ್ತೀನಮ್ಮ, ಉಪಕಾರ ಆಯ್ತು,” ಎಂದು ಕೈಮುಗಿದು ಹೋದ. ಮರ್ಯಾದಸ್ಥ ಎಂದುಕೊಂಡಳು ರಂಗಮ್ಮ. ಆ ಮನುಷ್ಯ ಅವಳಿಗೆ ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ.

ಹನ್ನೊಂದೂವರೆಗೆ ಫೋನು ಬಡಿದುಕೊಂಡಿತು.

“ರಂಗಮ್ಮನವರಾ? ನಾನು ರೈಟರ್ ಮನು ಅಂತ, ಪೊಲೀಸ್ ಆಫೀಸಿಂದ. ಮೇಡಮ್ ಹೇಳಿದ್ರು, ನಿಮ್ಮ ಹತ್ರ ಒಂದು ಹೆಸರು ಬರ್ಕೋಬೇಕೂಂತ.”

“ಆಗ್ಲೇ ಬಂದು ಬರ್ಕೊಂಡ್ ಹೋದ್ರಲ್ಲಪ್ಪ, ರೈಟರು?”

ಆ ಕಡೆ ಪೆನ್ನು ನಿಂತದ್ದು ಇವಳಿಗೆ ಕೇಳಿಸಿದಂತಾಯಿತು. “ಯಾವ ರೈಟರಮ್ಮ? ರೈಟರ್ ನಾನೇ.”

“ಬೆಳ್ಳಿಕಲ್ ಎಸ್ಟೇಟಿನ್ ರೈಟರು. ಜೀಪಲ್ ಬಂದಿದ್ರು.”

ಫೋನು ಕೈಯಿಂದ ಕೈಗೆ ಹೋಯಿತು. ವೀಣಾಳ ದನಿ, “ಅತ್ತೆ! ಅಯ್ಯೋ ಅತ್ತೆ!” ಎಂದಿತು. ಅದರ ಬೆನ್ನಿಗೆ ರಶ್ಮಿತಾಳ ದನಿ. ಅವಳು ಅವಸರವಿಲ್ಲದೆ, ಒಂದೊಂದೇ ಕೇಳಿದಳು. ಎಷ್ಟು ಹೊತ್ತಾಯಿತು, ಜೀಪಿನ ಬಣ್ಣ ಏನು, ಏನೇನು ಹೇಳಿದಿರಿ. ಆ ನಿಧಾನವೇ ರಂಗಮ್ಮನಿಗೆ ಹೆಚ್ಚು ಭಯ ಹುಟ್ಟಿಸಿತು. ಕೊನೆಗೆ ರಶ್ಮಿತಾ ಹೇಳಿದಳು: “ಅಮ್ಮ, ಆ ಮನೆಯ ಬೀಗದ ಕೈ ಇರೋದೇ ಆ ರೈಟರ್ ಹತ್ರ ಅಂತ ನಮಗೆ ಮೊದಲಿಂದ ಅನುಮಾನ ಇತ್ತು. ನಮ್ಮ ಜೀಪು ಡಿವೈಎಸ್‌ಪಿ ಸಾಹೇಬ್ರ ಜೊತೆ ವಿರಾಜಪೇಟೇಲಿದೆ. ಹತ್ತಿರದ ಠಾಣೆಗೆ ಹೇಳ್ತೀನಿ, ನಾನೂ ಹೊರಡ್ತೀನಿ. ನೀವು ಮನೆಯಿಂದ ಕದಲಬೇಡಿ.”

ಕದಲದೆ ಇರುವುದು ಹೇಗೆ? ರಂಗಮ್ಮ ಒಲೆಯನ್ನು ಹಾಗೇ ಬಿಟ್ಟಳು, ಹುರಿಯುತ್ತಿದ್ದ ಬೀಜ ಕರಿಕಾಗಿ ಮನೆತುಂಬ ಹೊಗೆಯೆದ್ದಿತು. ಸಿದ್ದನಿಗೆ ಫೋನಿಲ್ಲ. ಅವನ ಹೆಂಡತಿಗೂ ಇಲ್ಲ. ಎಸ್ಟೇಟಿನಲ್ಲಿ ಫೋನಿರುವ ಯಾರನ್ನಾದರೂ ಕೇಳೋಣವೆಂದರೆ, ಅವರು ಯಾರ ಕಡೆಯವರೆಂದು ಬಲ್ಲವರಾರು? ಕುಶಾಲನಗರದಲ್ಲಿದ್ದ ಸುದೀಪನಿಗೆ ಫೋನ್ ಮಾಡಿ, “ಬಾರ್ಲಾ, ಬಾರ್ಲಾ,” ಎಂದಷ್ಟೇ ಹೇಳಲು ಆಯಿತು. ಅವನು ಬಂದು ಮುಟ್ಟುವ ಹೊತ್ತಿಗೆ ಹನ್ನೆರಡು. ಅಷ್ಟು ಹೊತ್ತು ಅವಳು ರಸ್ತೆಯ ಬದಿಯಲ್ಲಿ ನಿಂತು, ಹಾದುಹೋಗುವ ಪ್ರತಿಯೊಂದು ಗಾಡಿಗೂ ಕೈಯೆತ್ತಿ ಇಳಿಸಿದಳು.

ಚೆಟ್ಟಳ್ಳಿ ದಾಟುವಷ್ಟರಲ್ಲಿ ರಂಗಮ್ಮ ಮಗನಿಗೆ ಎಲ್ಲವನ್ನೂ, ಸಿದ್ದನ ಹೆಸರನ್ನೂ, ಹೇಳಿ ಮುಗಿಸಿದ್ದಳು. ಕಣಗಳಲ್ಲಿ ಕಾಫಿ ಒಣಗುವ ಕಾಲ. ರಸ್ತೆಯುದ್ದಕ್ಕೂ ಹಣ್ಣಿನ ಹುಳಿ ವಾಸನೆ, ಧೂಳು, ಚೀಲ ತುಂಬಿದ ಟ್ರ್ಯಾಕ್ಟರುಗಳು. ಪ್ರತಿ ಟ್ರ್ಯಾಕ್ಟರಿನ ಹಿಂದೆಯೂ ಸುದೀಪ್ ಹಾರ್ನು ಒತ್ತಿ ಹಿಡಿಯುತ್ತಿದ್ದ. ರಂಗಮ್ಮನ ಕಿವಿಯಲ್ಲಿ ಕೆರೆಯಲ್ಲಿ ಸಿಕ್ಕವನ ಮಾತೇ ಸುತ್ತುತ್ತಿತ್ತು. ಹೆಸರನ್ನು ತಾನು ಹೇಳಿದ್ದಷ್ಟೇ ಅಲ್ಲ, ಅವನು ಇನ್ನೊಮ್ಮೆ ಕೇಳಿದಾಗ ಸರಿ ಎಂದು ತಲೆಯನ್ನೂ ಆಡಿಸಿದ್ದಳು. ಬಾಯಿಗೆ ಮಣ್ಣು ಹಾಕಿಕೊಳ್ಳಬೇಕು ಎನ್ನಿಸಿತು.

“ಏನೂ ಆಗಿರಲ್ಲ ಕಣಮ್ಮ. ಹಾಡಹಗಲು, ಅಷ್ಟು ಜನ ಕೆಲ್ಸದಲ್ಲಿರ್ತಾರೆ. ಹೆದ್ರುಸ್ತಾನೆ, ಬೈತಾನೆ, ಅಷ್ಟೇ,” ಎಂದ ಸುದೀಪ್.

“ಅವ್ನು ಬೈಯೋನಲ್ಲ ಕಣ್ಲಾ,” ಎಂದಳು ರಂಗಮ್ಮ. “ಬೈಯೋನಾಗಿದ್ರೆ ನಂಗೇನ್ ಭಯ ಇರ್ಲಿಲ್ಲ. ಲೋಟ ಎತ್ತಿಟ್ ಹೋದ.”

ಸಿದ್ದಾಪುರ ಇನ್ನೂ ಎರಡು ತಿರುವು ಇದೆ ಎನ್ನುವಾಗ ಎದುರಿನಿಂದ ಒಂದು ಜೀಪು ಬಂತು. ರಸ್ತೆ ಕಿರಿದು. ಪಿಕಪ್ಪು ಮಣ್ಣಿಗಿಳಿಯಿತು, ಜೀಪು ನಿಧಾನವಾಗಿ ಪಕ್ಕದಲ್ಲೇ ಉಜ್ಜಿದಂತೆ ಸಾಗಿತು. ಕೆಂಪು ಧೂಳಿನ ಚಕ್ರ. ಹಿಂದಿನ ಟಾರ್ಪಾಲನ್ನು ಈಗ ಪೂರ್ತಿ ಇಳಿಸಿ ಹಗ್ಗದಿಂದ ಬಿಗಿದಿದ್ದರು. ಓಡಿಸುತ್ತಿದ್ದವನು ಬೇರೆ ಯಾರೋ. ಅವನ ಆಚೆ ಕೂತವನ ಮುಖ ಕಾಣಲಿಲ್ಲ.

“ಅದೇ ಜೀಪು ಕಣ್ಲಾ! ತಿರುಗ್ಸು!”

ಸುದೀಪ್ ಕನ್ನಡಿಯಲ್ಲಿ ನೋಡಿದ. “ಇಂಥ ಜೀಪು ಈ ಕಡೆ ನೂರಿದಾವೆ. ನಂಬರ್ ನೋಡಿದ್ಯಾ?”

ನಂಬರು ನೋಡಿರಲಿಲ್ಲ. ನೋಡಿದರೂ ಓದಲು ಬರುತ್ತಿರಲಿಲ್ಲ.

“ಅದ್ರ ಹಿಂದೆ ಹೋಗಿ ಅದಲ್ದೇ ಇದ್ರೆ? ಮೊದ್ಲು ಸಿದ್ದಣ್ಣನ್ ಹತ್ರ ಹೋಗಣ. ಅವ್ನು ಕಣ್ಣಿಗ್ ಬಿದ್ರೆ ಸಾಕಲ್ವಾ?”

ರಂಗಮ್ಮನಿಗೆ ಅದೂ ನಿಜ ಎನ್ನಿಸಿತು. ಜೀಪು ತಿರುವಿನಲ್ಲಿ ಮರೆಯಾಯಿತು.

ಬೆಳ್ಳಿಕಲ್ಲಿನ ಗೇಟು ತೆರೆದೇ ಇತ್ತು, ಕಾವಲಿನವನು ಇರಲಿಲ್ಲ, ಪೊಲೀಸರೂ ಇನ್ನೂ ಬಂದಿರಲಿಲ್ಲ. ಮೇಲಿನ ಲೈನಿನವರೆಗೆ ಪಿಕಪ್ಪು ಏದುಸಿರು ಬಿಡುತ್ತಾ ಹತ್ತಿತು. ಕೊನೆಯ ಮನೆಯ ಬಾಗಿಲು ಹಾರುಹೊಡೆದಿತ್ತು. ಬೀಗ ಕೊಂಡಿಯಲ್ಲಿ ಜೋಲಾಡುತ್ತಿತ್ತು. ಒಳಗೆ ನಾಲ್ಕು ಗೋಡೆ, ನೆಲದ ತುಂಬ ಹೊಟ್ಟಿನ ಪುಡಿ, ಅದರಲ್ಲಿ ಏನನ್ನೋ ಭಾರವಾದದ್ದನ್ನು ಎಳೆದ ಗುರುತು. ಯಂತ್ರವೇ ಇರಬೇಕು ಎಂದ ಸುದೀಪ್. ಯಂತ್ರವೇ ಇರಲಪ್ಪ ದೇವರೇ ಎಂದುಕೊಂಡಳು ರಂಗಮ್ಮ. ಮಾಲು ಹೋಗಲಿ, ಕೇಸು ಹೋಗಲಿ, ತನ್ನ ಮುಖ ಹಾಕಿಕೊಂಡು ಬೇಕಾದರೆ ವಿಷವನ್ನೇ ಮಾರಿಕೊಳ್ಳಲಿ. ಅವಳಿಗೆ ಬೇಕಾಗಿದ್ದದ್ದು ಪಕ್ಕದ ಮನೆಯ ಮನುಷ್ಯ.

ಪಕ್ಕದ ಮನೆಯ ಬಾಗಿಲು ಮುಂದಕ್ಕೆ ಹಾಕಿತ್ತು. “ಸಿದ್ದಾ,” ಎಂದು ಕೂಗಿದಳು. ಒಳಗೆ ಬೆಕ್ಕು ಮಿಸುಕಾಡಿತು, ಅಷ್ಟೆ.

ಆಗ ತೋಟದ ಕೆಳಗಿನಿಂದ ಸಿದ್ದನ ಹೆಂಡತಿ ಹತ್ತಿ ಬಂದಳು. ಸೊಂಟಕ್ಕೆ ಕಟ್ಟಿದ ಕೊಯ್ಲಿನ ಚೀಲ, ಕೈತುಂಬ ಹಣ್ಣಿನ ಕರೆ. ರಂಗಮ್ಮನನ್ನು ಕಂಡವಳೇ ನಕ್ಕಳು. ಆಮೇಲೆ ಅವಳ ಕಣ್ಣು ಪಿಕಪ್ಪಿನ ಮುಂದಿನ ಸೀಟಿಗೆ ಹೋಯಿತು, ಅಲ್ಲಿಂದ ಹಿಂದಿನ ಖಾಲಿ ಜಾಗಕ್ಕೆ ಹೋಯಿತು.

“ಇವ್ರೆಲ್ಲಿ ಅಕ್ಕ?” ಎಂದಳು.

“ಯಾರವ್ವ?” ಎಂದಳು ರಂಗಮ್ಮ. ಯಾರೆಂದು ಗೊತ್ತಿದ್ದೂ ಕೇಳಿದಳು.

“ನಮ್ಮೋರು. ರೈಟರ್ ಬಂದು ಜೀಪಲ್ ಕರ್ಕಂಡೋದ್ರಲ್ಲ. ಮೊದ್ಲು ಇವ್ರು ಬರಕಿಲ್ಲ ಅಂದ್ರು, ಗಿಡಾನ ಗಟ್ಟಿಯಾಗ್ ಹಿಡ್ಕಂಡ್ ನಿಂತ್ರು. ರಂಗಕ್ಕ ಕರೀತಾವ್ಳೆ, ಈಗ ಅವ್ಳ್ ಮನೆಯಿಂದ್ಲೇ ಬರ್ತಾ ಇದೀನಿ, ಕಾಫಿ ಕುಡ್ದೆ ಅಂದ್ರು ರೈಟರು. ನಿಮ್ ಹೆಸ್ರು ಕೇಳಿದ್ ಮ್ಯಾಲೆ ಚೀಲ ಬಿಚ್ಚಿಟ್ಟು ಹತ್ತುದ್ರು.”

ಸುದೀಪ್ ಫೋನು ತೆಗೆದು ಒತ್ತತೊಡಗಿದ. ಸಿಗ್ನಲ್ ಇರಲಿಲ್ಲ. ಫೋನನ್ನು ಎತ್ತಿ ಹಿಡಿದು ಅಂಗಳದ ತುದಿಗೆ ಓಡಿದ.

“ಉಂಡಿರ್ಲಿಲ್ಲ,” ಎಂದಳು ಅವಳು. ನಗು ಇನ್ನೂ ಪೂರ್ತಿ ಹೋಗಿರಲಿಲ್ಲ, ಆದರೆ ಕಣ್ಣು ರಂಗಮ್ಮನ ಮುಖವನ್ನು ಬಿಟ್ಟು ಕದಲುತ್ತಿರಲಿಲ್ಲ. “ನಿಮ್ಮನೇಗ್ ಹೋಗಕ್ಕೆ ಇರದು ಒಂದೇ ರೋಡು. ದಾರೀಲಿ ಜೀಪು ಸಿಗ್ಲಿಲ್ವಾ ಅಕ್ಕ?”